ಸೊಂಟದವರೆಗೆ ಕ್ಷೇಮ

ಮುರಗೋಡ
14 ಏಪ್ರಿಲ್ 2024

ತಮ್ಮ ಬಾಳುಗೆ ಮುಜಫ್ಫರನ ಸಲಾಮು.

ಪತ್ರದ ಮೊದಲಿಗೆ ‘ಇತ್ತ ನಾವು ಕ್ಷೇಮ’ ಎಂದು ಬರೆಯಬೇಕೆಂದು ಸಾಲಿಯಲ್ಲಿ ಮಾಸ್ತರರು ಬಡಿದು ಕಲಿಸಿದ್ದರು. ಅವರ ಮಾತು ಮೀರಬಾರದೆಂದು ಬರೆಯುತ್ತೇನೆ. ಇತ್ತ ನಾನು ಸೊಂಟದವರೆಗೆ ಕ್ಷೇಮ. ಕೆಳಗಿನ ಸುದ್ದಿ ಇನ್ನೂ ಬಂದಿಲ್ಲ.

ಫೋನ್ ಇರುವಾಗ ಪತ್ರವೇಕೆ ಎನ್ನುತ್ತೀಯ. ಫೋನ್ ಮಾಡಿದರೆ ನೀನು ವಿಡಿಯೋ ಹಾಕು, ಕಾಲು ತೋರಿಸು ಎಂದು ಗಂಟುಬೀಳುತ್ತೀಯ. ಮೇಲಾಗಿ ನಮ್ಮ ಮನೆಯಲ್ಲಿ ಯಾರ ಫೋನ್ ಬಂದರೂ ಅಬ್ಬಾ ಸ್ಪೀಕರ್ ಹಾಕಿಸುತ್ತಾರೆ, ಓಣಿಯೆಲ್ಲ ಕೇಳುತ್ತದೆ. ಹುಬ್ಬಳ್ಳಿಯ ದವಾಖಾನೆಯಲ್ಲಿ ನಮ್ಮಿಬ್ಬರ ಮಂಚಗಳ ನಡುವೆ ಒಬ್ಬರು ನಿಲ್ಲುವಷ್ಟೇ ಜಾಗವಿತ್ತು. ಪಿಸುಗುಟ್ಟಿದರೂ ಕೇಳುತ್ತಿತ್ತು. ಆ ಪಿಸುಮಾತಿಗೆ ಈಗ ಕಾಗದವೇ ಗತಿ.

ನಾನು ಮದುವೆಯ ಪೆಂಡಾಲ ಕಟ್ಟುತ್ತ ಬಿದ್ದವನು, ನೀನು ಲಾರಿಯ ಮೇಲೆ ತಾಡಪತ್ರಿ ಕಟ್ಟುತ್ತ ಬಿದ್ದವನು. ಇಬ್ಬರೂ ಹಗ್ಗದ ಮಂದಿ. ಮುರಿದದ್ದು ಬೆನ್ನಿನ ಅದೇ ಮಣಿ, ಹಾಕಿದ್ದು ಅದೇ ನಮೂನೆಯ ರಾಡು, ಸ್ಕ್ರೂ, ಕೊಯ್ದವರೂ ಅದೇ ಡಾಕ್ಟರು. "ಎಲುಬು ಛಲೋ ಕೂಡೈತಿ. ನರದ್ದು ಮಾತ್ರ ನಮ್ಮ ಕೈಯಾಗಿಲ್ಲ, ವರ್ಷ ತನಕಾ ನೋಡೂಣು" ಎಂದು ನಿನಗೂ ಅಂದರು, ನನಗೂ ಅಂದರು. ನನಗೆ ಅನ್ನುವಾಗ ದನಿ ಸ್ವಲ್ಪ ಇಳಿದಿತ್ತು ಎಂದು ನಿನ್ನ ವೈನಿ ಶಬನಮ್ ಹೇಳುತ್ತಾಳೆ. ಹೆಂಡತಿಯಾದವಳಿಗೆ ಎಲ್ಲದರಲ್ಲೂ ಸಂಶಯ.

ನಿನ್ನ ಅವ್ವ ರಾಯವ್ವ ಹೇಗಿದ್ದಾಳೆ? ನಾನು ಕಾಲು ಮುಂದಾಗಿ ಹುಟ್ಟಿದವನೆಂದು ಅವಳ ಮುಂದೆ ಬಾಯಿಬಿಟ್ಟದ್ದೇ ತಪ್ಪಾಯಿತು. ಅಂಥವರ ಕಾಲು ತಾಕಿದರೆ ನೋವು ಹೋಗುತ್ತದೆಂದು ಟೊಂಕ ಹಿಡಿದವರು ನಮ್ಮ ಹೊಸ್ತಿಲ ಬಳಿ ಬೋರಲು ಮಲಗಿ, ಬೆನ್ನಿಗೆ ನನ್ನ ಕಾಲು ಮುಟ್ಟಿಸಿಕೊಂಡು ಹೋಗುವುದು ನಾನು ಚಡ್ಡಿ ಹಾಕುತ್ತಿದ್ದ ಕಾಲದಿಂದ ನಡೆದುಬಂದದ್ದು. ನನ್ನದೇ ಬೆನ್ನು ಮುರಿದ ಮೇಲೆ ಆ ಕಸಬು ಮುಗಿಯಿತು ಅಂದುಕೊಂಡಿದ್ದೆ. ನಿನ್ನ ಹೊಲಿಗೆ ಬಿಚ್ಚಿ ಮಗ್ಗುಲಾಗಿ ಮಲಗಿಸಿದ್ದೇ ತಡ, ರಾಯವ್ವ ನನ್ನ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ನಿನ್ನ ಬೆನ್ನಿಗೆ ಮುಟ್ಟಿಸಿಬಿಟ್ಟಳು. ನರ್ಸಬಾಯಿ ಬೈದದ್ದಕ್ಕೆ ನಾನು ಕಣ್ಣೀರು ಹಾಕಿದೆ ಎಂದು ನೀವೆಲ್ಲ ತಿಳಿದಿರಿ. ಅದಕ್ಕಲ್ಲ ಬಾಳು. ಎತ್ತಿದ್ದು ನನ್ನ ಕಾಲೆಂದು ಅವಳ ಕೈಯಲ್ಲಿ ನೋಡಿದ ಮೇಲೆ ನನಗೆ ಗೊತ್ತಾಯಿತು.

ಈಗ ಮುಖ್ಯ ಮಾತು. ಬೆಳಗಾವಿಯಲ್ಲಿ ನಮ್ಮಂಥವರಿಗೆ ಕಲಿಸುವ ಒಂದು ಕೇಂದ್ರವಿದೆಯಂತೆ. ಗಾಲಿಕುರ್ಚಿ ಹತ್ತುವುದು, ಇಳಿಯುವುದು, ಮಲಗಿದಲ್ಲೇ ಚರ್ಮ ಒಡೆಯದಂತೆ ಹೊರಳುವುದು, ಇವನ್ನೆಲ್ಲ ಹೇಳಿಕೊಡುತ್ತಾರೆ. ಡಾಕ್ಟರು ನಿನಗೂ ಹೇಳಿರಬೇಕು. ಶಬನಮ್ ಹೋಗೋಣ ಎನ್ನುತ್ತಾಳೆ. ನನಗೆ ಮನಸ್ಸಿಲ್ಲ. ಕುರ್ಚಿ ಹತ್ತಲು ಕಲಿತರೆ ಕಾಲುಗಳು ಮುನಿಸಿಕೊಂಡು ಬರದೇ ಹೋದಾವು ಎಂದು ಹೆದರಿಕೆ. ನಿನ್ನ ಕಾಲು ಏನನ್ನುತ್ತವೆ? ನಿನ್ನವೂ ಬಂದಿಲ್ಲವೆಂದರೆ ನನಗಿನ್ನೂ ವೇಳೆ ಇದೆ. ನಿನ್ನವು ಬಂದಿದ್ದರೆ ನಾನು ಹಿಂದೆ ಬಿದ್ದೆ ಎಂದರ್ಥ. ನೀನು ಬೆಳಗಾವಿಗೆ ಹೋದರೆ ನಾನೂ ಹೋಗುತ್ತೇನೆ. ನಿಜ ಬರೆ.

ನಿನ್ನ
ಮುಜಫ್ಫರಣ್ಣ


ಕಿತ್ತೂರು
30 ಏಪ್ರಿಲ್ 2024

ಮುಜಫ್ಫರಣ್ಣನಿಗೆ ಬಾಳುವಿನ ನಮಸ್ಕಾರಗಳು.

ನಿಮ್ಮ ಪತ್ರವನ್ನು ಅಂಚೆಯವನು ಅವ್ವನ ಕೈಗೆ ಕೊಟ್ಟ. ಅವಳು ಕೋರ್ಟಿನ ಕಾಗದವೆಂದು ಹೆದರಿ ಅದನ್ನು ದೇವರ ಜಗಲಿಯ ಮೇಲಿಟ್ಟು ಕೈಮುಗಿದಿದ್ದಳು. ನಿಮ್ಮದು ಎಂದು ತಿಳಿದಾಗ, "ಆ ಪುಣ್ಯಾತ್ಮನ ಕಾಲು ತಣ್ಣಗಿರ್ಲೆಪಾ" ಎಂದು ಮತ್ತೊಮ್ಮೆ ಕೈಮುಗಿದಳು. ನಿಮ್ಮನ್ನು ದಿನಾ ನೆನೆಯುತ್ತಾಳೆ.

ಇಲ್ಲಿ ಸೆಖೆ ಬಹಳ. ಹೈವೇ ಕೆಲಸ ನಡೆದು ಮನೆಯೆಲ್ಲ ಧೂಳು. ಲಾರಿ ಹಾರ್ನ್ ಕೇಳಿದರೆ ಕೈ ತಾನಾಗಿ ಹಗ್ಗ ಹುಡುಕುತ್ತದೆ. ಲಾರಿ ಮಾಲೀಕರು ಮಲಕಾಜಪ್ಪನವರು ಬಂದು ಮೂಸಂಬಿ ಕೊಟ್ಟು, ಅದರಲ್ಲಿ ಅರ್ಧ ತಾವೇ ಸುಲಿದು ತಿಂದು ಹೋದರು. ಐಪಿಎಲ್ ನೋಡುತ್ತೀರಾ? ನಾನು ನೋಡುವುದನ್ನು ಬಿಟ್ಟಿದ್ದೇನೆ, ನಮ್ಮವರು ಸೋಲುವುದನ್ನು ನೋಡಲು ಬೆನ್ನು ಗಟ್ಟಿ ಇರಬೇಕು.

ನೀವು ಕೇಳಿದ ಮಾತಿಗೆ ಏನು ಬರೆಯಲಿ ಅಣ್ಣಾ. ನನ್ನದೂ ನಿಮ್ಮ ಹಾಗೆಯೇ. ಬೆರಳು ಕೂಡ ಅಲುಗಾಡಿಲ್ಲ. ಬೆಳಗಾವಿಗೆ ನಾನು ಹೋಗುವುದಿಲ್ಲ. ಅವ್ವ ಬೇಡ ಎನ್ನುತ್ತಾಳೆ. ನೀವು ಹೋಗುವುದಿದ್ದರೆ ಹೋಗಿ ಬನ್ನಿ, ನನಗಾಗಿ ಕಾಯಬೇಡಿ. ವೈನಿಯವರಿಗೆ, ಖಾಸಿಮಸಾಬ ಅಬ್ಬಾ ಅವರಿಗೆ ನನ್ನ ನಮಸ್ಕಾರ.

ನಿಮ್ಮ ತಮ್ಮ
ಬಾಳು


ಮುರಗೋಡ
9 ಜೂನ್ 2024

ಬಾಳು,

ಸೊಂಟದವರೆಗೆ ಕ್ಷೇಮ. ಈ ಸಲ ಕೆಳಗಿನ ಸುದ್ದಿಯೂ ಇದೆ!

ಮೊನ್ನೆ ಶಬನಮ್ ಕಾಲು ಒರೆಸುತ್ತಿದ್ದಳು. ಬಲ ತೊಡೆ ತಾನಾಗಿ ಜಿಗಿಯಿತು. ನಾನು ಜಿಗಿಸಿದ್ದಲ್ಲ, ಅದೇ ಜಿಗಿಯಿತು. ಪಾದ ಹೋಗಿ ಬಕೆಟ್ಟಿಗೆ ಬಡಿದು ನೀರು ಚೆಲ್ಲಿತು. ಶಬನಮ್ ಚೀರಿದಳು. ಅಬ್ಬಾ ನಮಾಜಿನ ಚಾಪೆ ಬಿಟ್ಟು ಓಡಿಬಂದು, "ಜೀವ ಬಂತ! ಕಾಲಿಗೆ ಜೀವ ಬಂತ!" ಎಂದು ಓಣಿಗೆಲ್ಲ ಪೇಡೆ ಹಂಚಿದರು. ಈಗ ಕಾಲುಗಳು ದಿನಾ ಜಿಗಿಯುತ್ತವೆ. ಒಮ್ಮೊಮ್ಮೆ ಎರಡೂ ಕಾಲು ಕಟ್ಟಿಗೆಯಂತೆ ಸೆಟೆದು ನಿಲ್ಲುತ್ತವೆ, ಇಬ್ಬರು ಹಿಡಿದರೂ ಬಾಗುವುದಿಲ್ಲ. ಇಷ್ಟು ಬಲ ಇರುವ ಕಾಲು ನಡೆಯದೆ ಎಲ್ಲಿಗೆ ಹೋಗುತ್ತವೆ ಹೇಳು.

ನಿನಗಿನ್ನೂ ಹೀಗಾಗಿಲ್ಲವೆಂದರೆ ಹೊಟ್ಟೆಕಿಚ್ಚು ಪಡಬೇಡ. ನಾನು ವಯಸ್ಸಿನಲ್ಲಿ ಹಿರಿಯ, ಮೊದಲ ಪಾಳಿ ನನ್ನದು. ನಿನ್ನದೂ ಬರುತ್ತದೆ. ದವಾಖಾನೆಯಲ್ಲಿ ಡಾಕ್ಟರು ಕಣ್ಣು ಮುಚ್ಚಿಸಿ ಸೂಜಿ ಚುಚ್ಚಿ, "ತಿಳೀತೇನ್ರಿ? ಇಲ್ಲಿ ತಿಳೀತೇನ್ರಿ?" ಎಂದು ಕೇಳುತ್ತಿದ್ದರಲ್ಲ, ಆಗ ನಾನು ಒಂದು ಕಣ್ಣು ತುಸು ತೆರೆದು, ಅವರ ಕೈ ನೋಡಿ ಹೂಂ ಅನ್ನುತ್ತಿದ್ದೆ. ಇನ್ನು ಮೇಲೆ ಆ ಕಳ್ಳತನ ಬೇಕಾಗುವುದಿಲ್ಲ.

ಬೆಳಗಾವಿಯವರು ಜಾಗ ಖಾಲಿ ಇದೆ, ಬನ್ನಿ ಎಂದು ಹೇಳಿ ಕಳಿಸಿದ್ದರು. ನಮ್ಮ ಬಾಳು ಹೋಗದ ಕಡೆ ನಾನೂ ಹೋಗುವುದಿಲ್ಲ ಎಂದೆ. ಶಬನಮ್ ಎರಡು ದಿನ ಮಾತು ಬಿಟ್ಟಳು. ಬೆನ್ನ ಕೆಳಗೆ ಚರ್ಮ ಕೆಂಪಾಗಿದೆಯಂತೆ, ಕನ್ನಡಿ ಹಿಡಿದು ತೋರಿಸಿದಳು. ನೋವಿಲ್ಲದ ಹುಣ್ಣಿಗೆ ಯಾಕಿಷ್ಟು ಗಾಬರಿ ಎಂದು ನಗಿಸಲು ನೋಡಿದೆ, ನಗಲಿಲ್ಲ. ನಡೆಯಲು ಶುರು ಮಾಡಿದ ಮೇಲೆ ತಾನೇ ಮಾಯುತ್ತದೆ.

ಬಕ್ರೀದ ಬಂತು. ನೀನು ಇಲ್ಲಿದ್ದರೆ ಶೀರಕುರ್ಮಾ ಕುಡಿಸುತ್ತಿದ್ದೆ ಎಂದು ಬರೆಯಲು ಹೋದೆ, ಅದು ರಮಜಾನಿನದು ಎಂದು ಶಬನಮ್ ತಿದ್ದಿದಳು. ಕಾಲಿನ ಜೊತೆ ತಲೆಯೂ ಹೋಯಿತು ನೋಡು.

ಮುಜಫ್ಫರಣ್ಣ


ಕಿತ್ತೂರು
4 ಆಗಸ್ಟ್ 2024

ಅಣ್ಣಾ, ನಮಸ್ಕಾರ.

ಉತ್ತರ ತಡವಾಯಿತು. ಮಳೆ ಹಿಡಿದು ಮನೆಯ ಹಿಂದಿನ ಗೋಡೆ ಕುಸಿದಿತ್ತು, ಅದರ ಗದ್ದಲ. ಮೊನ್ನೆ ಸ್ವಲ್ಪ ಹೊಳವಾದಾಗ ಕೋಟೆಯ ತನಕ ಹೋಗಿಬಂದೆ. ಹೋಗಿಬಂದೆ ಎಂದರೆ ಟಂಟಂ ಆಟೋದಲ್ಲಿ ಕರೆದುಕೊಂಡು ಹೋಗಿದ್ದರು. ಕೆರೆ ತುಂಬಿದೆ.

ನಿಮ್ಮ ತೊಡೆ ಜಿಗಿಯುವ ಸುದ್ದಿ ಓದಿದೆ. ಸಂತೋಷ. ಆದರೆ ಒಮ್ಮೆ ಡಾಕ್ಟರಿಗೆ ತೋರಿಸಿ ಅಣ್ಣಾ. ಅದು ಏನೆಂದು ಅವರನ್ನೇ ಕೇಳಿ. ಹಾಗೆಯೇ ಬೆಳಗಾವಿಗೆ ಒಮ್ಮೆ ಹೋಗಿಬನ್ನಿ. ನಾನು ಹೋಗಲಿಲ್ಲವೆಂದು ನೀವು ಹೋಗದಿರುವುದು ಸರಿಯಲ್ಲ. ಎಲ್ಲರ ಬೆನ್ನೂ ಒಂದೇ ತರಹ ಇರುವುದಿಲ್ಲ. ಮಣಿ ಒಂದೇ ಆದರೂ ಒಳಗಿನ ನರಕ್ಕೆ ಬಿದ್ದ ಪೆಟ್ಟು ಬೇರೆ ಬೇರೆ ಇರುತ್ತದೆ ಎಂದು ಇಲ್ಲಿನ ಡಾಕ್ಟರು ಹೇಳಿದರು. ಕುರ್ಚಿ ಕೆಟ್ಟದ್ದಲ್ಲ. ಆ ಹುಣ್ಣನ್ನು ಸಣ್ಣದೆಂದು ಬಿಡಬೇಡಿ.

ಇದಕ್ಕಿಂತ ಹೆಚ್ಚು ಬರೆಯಲು ತಿಳಿಯುತ್ತಿಲ್ಲ.

ಬಾಳು


ಮುರಗೋಡ
25 ಆಗಸ್ಟ್ 2024

ನನ್ನ ತಮ್ಮ ಬಾಳು,

ನಿನ್ನ ಪತ್ರ ಓದಿ ಎರಡು ದಿನ ಊಟ ಸೇರಲಿಲ್ಲ. ‘ಕುರ್ಚಿ ಕೆಟ್ಟದ್ದಲ್ಲ’ ಎಂದು ಬರೆಯುವಷ್ಟು ಧೈರ್ಯಗೆಟ್ಟೆಯಾ? ವಾರ್ಡಿನಲ್ಲಿ ನನ್ನನ್ನು ನಗಿಸಿ ನಗಿಸಿ ಹೊಲಿಗೆ ಬಿಚ್ಚಿಸಲು ಹೊರಟವನು ನೀನೇ ಏನು?

ನನಗೆ ಎಲ್ಲ ತಿಳಿಯುತ್ತದೆ. ನನ್ನ ಕಾಲು ಜಿಗಿದವು, ನಿನ್ನವು ಸುಮ್ಮನಿವೆ. ಅದಕ್ಕೆ ನೀನು ಆಸೆ ಬಿಟ್ಟು, ನನ್ನನ್ನಾದರೂ ಮುಂದೆ ಕಳಿಸೋಣ ಎಂದು ನೋಡುತ್ತಿದ್ದೀಯ. ಟಂಟಂನಲ್ಲಿ ಹೊತ್ತುಕೊಂಡು ಹೋಗಿ ಕೆರೆ ತೋರಿಸಿ ತಂದರೆಂದು ಓದುವಾಗ ನನಗೆ ಅಳು ಬಂತು. ನಿನ್ನ ಜೀವಕ್ಕೆ ಎಷ್ಟು ಕಷ್ಟವಾಗಿರಬೇಕು. ಆದರೆ ಒಂದು ತಿಳಿದುಕೋ, ನಿನ್ನನ್ನು ಹಿಂದೆ ಬಿಟ್ಟು ನಾನು ಎಲ್ಲಿಗೂ ಹೋಗುವುದಿಲ್ಲ. ಬೆಳಗಾವಿಯವರು ಮತ್ತೆ ಕೇಳಿದ್ದರು. ಇಬ್ಬರೂ ಕೂಡಿಯೇ ಬರುತ್ತೇವೆ, ಇಲ್ಲವೆಂದರೆ ಇಲ್ಲ ಎಂದು ಹೇಳಿಸಿಬಿಟ್ಟೆ.

ಬೆಳಿಗ್ಗೆ ಎದ್ದೊಡನೆ ಬೆರಳು ನೋಡಿಕೊಂಡು ಮನಸ್ಸಿನಲ್ಲೇ ‘ಅಲ್ಲಾಡು’ ಎನ್ನು. ನಾನು ಹಾಗೆಯೇ ಮಾಡುತ್ತೇನೆ. ಹುಣ್ಣಿಗೆ ಬೈಲಹೊಂಗಲದ ಡಾಕ್ಟರು ಮುಲಾಮು ಕೊಟ್ಟಿದ್ದಾರೆ. ತುಸು ವಾಸನೆ ಬರುತ್ತದೆ. ಶಬನಮ್ ಊದುಬತ್ತಿ ಹಚ್ಚಿಡುತ್ತಾಳೆ. ನೀನು ಧೈರ್ಯ ಬಿಡಬೇಡ, ನಿನ್ನ ಅಣ್ಣ ಇದ್ದೇನೆ.

ಮುಜಫ್ಫರ


ಮುರಗೋಡ
12 ನವೆಂಬರ್ 2024

ಬಾಳು,

ಆಗಸ್ಟಿನ ಪತ್ರಕ್ಕೆ ನೀನು ಉತ್ತರ ಬರೆಯಲಿಲ್ಲ. ಯಾಕೆಂದು ಈಗ ಗೊತ್ತಾಯಿತು.

ಹೋದ ವಾರ ನಿಮ್ಮೂರಿನ ಕೃಷ್ಣವ್ವ ಎಂಬ ಮುದುಕಿ ಮಗ ಲಗಮಣ್ಣನ ಜೊತೆ ನಮ್ಮ ಮನೆ ಹುಡುಕಿಕೊಂಡು ಬಂದಿದ್ದಳು. ಟೊಂಕ ಹಿಡಿದು ಬಾಗಿಹೋಗಿದ್ದಳು. ನನ್ನ ಮಂಚದ ಹತ್ತಿರ ಬಂದು, "ಎಪ್ಪಾ, ಬಾಳೂನ ಬೆನ್ನಿಗಿ ಮುಟ್ಟಿಸಿದ ಕಾಲು ಇದ ಏನು? ನನಗೂ ಒಂದೀಟು ಮುಟ್ಟಸೋ ಯಪ್ಪಾ" ಎಂದಳು.

"ಯಾವ ಬಾಳು ಬೇ?" ಎಂದೆ.

"ಲಾರಿ ಬಾಳೂನ ಪಾ. ಕೋಲಿಲ್ಲ ಕೊಂತಿಲ್ಲ, ಸೀದಾ ಬಸ್ಸಟ್ಯಾಂಡಿಗಿ ನಡಕೋಂತ ಬರತಾನ. ದವಾಖಾನ್ಯಾಗ ಇದ್ದಾಗನ ಬೆರಳು ಅಳ್ಳಾಡಿದ್ವಂತ, ಅವರವ್ವ ಊರ ತುಂಬ ಹೇಳ್ಯಾಳ. ಎಲ್ಲಾ ಈ ಕಾಲಿನ ಪುಣ್ಯಾ ಅಂತಾಳ."

ನೀನು ನಂಬುತ್ತೀಯೋ ಇಲ್ಲವೋ, ಮೊದಲು ನನಗೆ ನಗು ಬಂತು. ಟಂಟಂ ಅಂತೆ! ಶಬನಮ್ ನನ್ನ ಕಾಲು ಎತ್ತಿ ಮುದುಕಿಯ ಬೆನ್ನಿಗೆ ಮುಟ್ಟಿಸಿದಳು. ಮುದುಕಿ ಎದ್ದು, "ಹಗೂರಾತು ನೋಡ್ರಿ" ಎಂದು ಶಬನಮ್‌ಳ ಗಲ್ಲ ಸವರಿ ಹೋದಳು. ಅವರು ಹೋದ ಮೇಲೆ ಸಿಟ್ಟು ಬಂತು. ಬಹಳ ಸಿಟ್ಟು ಬಂತು ಬಾಳು. ಕೈಗೆ ಸಿಕ್ಕ ನೀರಿನ ತಂಬಿಗೆ ಗೋಡೆಗೆ ಎಸೆದೆ.

ನಾನು ಬರೆಯದೇ ಬಿಟ್ಟದ್ದನ್ನೂ ಕೇಳು. ಅಕ್ಟೋಬರಿನಲ್ಲಿ ಜ್ವರ ಏರಿ ಹುಬ್ಬಳ್ಳಿಗೆ ಹೊತ್ತೊಯ್ದಿದ್ದರು. ಹುಣ್ಣು ಎಲುಬಿನ ತನಕ ಹೋಗಿದೆ. ತೊಡೆ ಜಿಗಿದದ್ದು ಜೀವ ಬಂದದ್ದಲ್ಲವಂತೆ, ಮೆದುಳಿನ ಹಿಡಿತ ತಪ್ಪಿದ ನರ ತಾನೇ ಸೆಡೆಯುತ್ತದಂತೆ. ಸೂಜಿ ಚುಚ್ಚುವಾಗ ಈ ಸಲ ಶಬನಮ್ ನನ್ನ ಎರಡೂ ಕಣ್ಣನ್ನು ಕೈಯಿಂದ ಮುಚ್ಚಿದಳು. ಡಾಕ್ಟರು ಕುರ್ಚಿ ಎಳೆದುಕೊಂಡು ಕೂತು, "ನಡ್ಯೂದು ಆಗೂದಿಲ್ಲರಿ ಮುಜಫ್ಫರ. ಇದನ್ನ ನಾ ಮೊದಲ ಗಟ್ಟಿಯಾಗಿ ಹೇಳಬೇಕಿತ್ತು" ಎಂದರು. ಬೆಳಗಾವಿಯವರೂ ಈಗ ಸೇರಿಸಿಕೊಳ್ಳುವುದಿಲ್ಲ, ಮೊದಲು ಹುಣ್ಣು ಮಾಯಬೇಕು. ಇದು ಮಾಯುವ ಹುಣ್ಣಲ್ಲ ಎಂದು ಯಾರೂ ಹೇಳುತ್ತಿಲ್ಲ, ಆದರೆ ಎಲ್ಲರೂ ಮೆಲ್ಲಗೆ ಮಾತಾಡುತ್ತಾರೆ.

ನಿನ್ನ ಬೆರಳು ಅಲುಗಿದ್ದನ್ನು ನೀನು ಏಪ್ರಿಲ್‌ನಲ್ಲೇ ಬರೆದಿದ್ದರೆ ನಾನು ಅತ್ತು, ಬೈದು, ಹಟ ಮಾಡಿ ಕಡೆಗೆ ಬೆಳಗಾವಿಗೆ ಹೋಗುತ್ತಿದ್ದೆ. ಕುರ್ಚಿಯ ಮೇಲೆ ಕೂತು ಪೆಂಡಾಲದ ಹುಡುಗರಿಗೆ ಬೈದುಕೊಂಡಾದರೂ ಇರುತ್ತಿದ್ದೆ. ಇದನ್ನು ನಿನಗೆ ನೋವಾಗಲೆಂದೇ ಬರೆದಿದ್ದೇನೆ.

ಇಷ್ಟು ಬರೆದು ನಾಲ್ಕು ದಿನ ಪತ್ರವನ್ನು ದಿಂಬಿನ ಕೆಳಗೆ ಇಟ್ಟುಕೊಂಡೆ. ಸಿಟ್ಟು ಅಷ್ಟು ದಿನ ಉಳಿಯಲಿಲ್ಲ. ಬಂದು ಹೋಗು. ಬೈಯುವುದಿಲ್ಲ. ಅದೇ ಮಣಿ, ಅದೇ ರಾಡು ಇರುವ ಬೆನ್ನು ನೆಟ್ಟಗೆ ನಡೆಯುವುದು ಹೇಗಿರುತ್ತದೆ, ಕಣ್ಣಾರೆ ನೋಡಬೇಕು. ನನಗೆ ಈಗ ಉಳಿದದ್ದು ಅದೊಂದು ಆಸೆ.

ಮುಜಫ್ಫರ


ಕಿತ್ತೂರು
21 ನವೆಂಬರ್ 2024

ಅಣ್ಣಾ,

ನಿಮ್ಮ ಪತ್ರವನ್ನು ಅವ್ವನಿಗೆ ಓದಿ ಹೇಳಲಿಲ್ಲ.

ನೀವು ದವಾಖಾನೆಯಿಂದ ಹೋದ ವಾರ, ನಿಮ್ಮ ಖಾಲಿ ಮಂಚ ನೋಡುತ್ತ ಮಲಗಿದ್ದಾಗ ಬೆರಳು ಅಲುಗಿತು. ಮೊದಲು ನಿಮಗೇ ಹೇಳಬೇಕು ಅನ್ನಿಸಿತ್ತು. ‘ನಿನ್ನವು ಬಂದಿದ್ದರೆ ನಾನು ಹಿಂದೆ ಬಿದ್ದೆ ಎಂದರ್ಥ’ ಎಂದು ನೀವು ಬರೆದಿರಿ. ಅದನ್ನು ಓದಿದ ಮೇಲೆ ಹೇಗೆ ಬರೆಯಲಿ? ನಿಮಗೆ ಒಳ್ಳೆಯದಾಗಲೆಂದೇ ಮಾಡಿದೆ. ನಿಮ್ಮ ಕಾಲಿನ ಶಕ್ತಿಯೆಲ್ಲ ನನಗೆ ಬಂತೆಂದು ಅವ್ವ ಊರಿಗೆಲ್ಲ ಹೇಳುವಾಗ ನನಗೆ ಮನೆಯಲ್ಲಿ ಕೂರಲಾಗುವುದಿಲ್ಲ. ಹಾಗಾದರೆ ನಿಮಗೆ ಉಳಿದದ್ದೇನು ಎಂದು ಅವಳನ್ನು ಕೇಳಿದೆ. ಅವಳು ಒಲೆಯ ಕಡೆ ತಿರುಗಿಬಿಟ್ಟಳು.

ಬರುತ್ತೇನೆ. ಆದರೆ ಕೃಷ್ಣವ್ವ ಹೇಳಿದಷ್ಟೇನೂ ಇಲ್ಲ ಅಣ್ಣಾ. ನಡಿಗೆ ಅಷ್ಟಕ್ಕಷ್ಟೇ. ಎಡಗಾಲು ಇನ್ನೂ ಎಳೆಯುತ್ತದೆ.

ಬಾಳು


ಮುರಗೋಡ
16 ಡಿಸೆಂಬರ್ 2024

ಬಾಳು,

ನೀನು ಬರುತ್ತೀಯೆಂದು ಅಂದು ಬೆಳಿಗ್ಗೆ ಶಬನಮ್ ನನಗೆ ದಾಡಿ ಮಾಡಿ, ಇಸ್ತ್ರಿ ಅಂಗಿ ತೊಡಿಸಿದ್ದಳು. ಮಂಚವನ್ನು ಕಿಟಕಿಗೆ ಹಚ್ಚಿಸಿದ್ದೆ. ಅಲ್ಲಿಂದ ಮಠದ ಕಡೆಯ ದಾರಿ ತಿರುವಿನ ತನಕ ಕಾಣುತ್ತದೆ. ಇದು ನಿನಗೆ ಗೊತ್ತಿರಲಿಲ್ಲ.

ಬೈಲಹೊಂಗಲದ ಬಸ್ಸು ಬಂದ ಸ್ವಲ್ಪ ಹೊತ್ತಿಗೆ ನೀನು ತಿರುವಿನಲ್ಲಿ ಕಂಡೆ. ಬಗಲಲ್ಲಿ ಚೀಲ, ಕೈಯಲ್ಲಿ ಬಾಳೆಹಣ್ಣು. ನೆಟ್ಟಗೆ ಬರುತ್ತಿದ್ದೆ. ಒಡೆದ ಗಟಾರದ ಹತ್ತಿರ ನಿಂತು ಆಚೀಚೆ ನೋಡಿ, ಧೋತರ ಉಟ್ಟ ಯಜಮಾನರೊಬ್ಬರಿಗೆ ದಾರಿ ಬಿಟ್ಟು, ಒಂದೇ ಜಿಗಿತಕ್ಕೆ ದಾಟಿದೆ. ಬಾಳು, ನನ್ನ ಎದೆ ತುಂಬಿಬಂತು. "ಜಿಗದಾ! ಏ ಶಬನಮ್, ಜಿಗದಾ ನೋಡ!" ಎಂದು ಕೂಗಿದೆ. ಅವಳು ರೊಟ್ಟಿಯ ಕೈಯಲ್ಲೇ ಓಡಿಬಂದು ನೋಡಿದಳು. ಎಷ್ಟೋ ತಿಂಗಳ ಮೇಲೆ ಇಬ್ಬರೂ ಕೂಡಿ ನಕ್ಕೆವು. ಅಷ್ಟು ಹೊತ್ತು ನನಗೆ ಹೊಟ್ಟೆಕಿಚ್ಚು ಇರಲಿಲ್ಲ. ದೇವರಾಣೆ ಇರಲಿಲ್ಲ.

ಆಮೇಲೆ ನೀನು ನಮ್ಮ ಮನೆಯನ್ನು ಯಾರಿಗೋ ಕೇಳಿದೆ. ಅವರು ಬೆರಳು ಮಾಡಿ ತೋರಿಸಿದರು. ಅಲ್ಲಿಂದ ನೀನು ಎಡಗಾಲು ಎಳೆಯತೊಡಗಿದೆ. ಗೋಡೆ ಹಿಡಿದುಕೊಂಡು, ಹೊಸ್ತಿಲ ಹತ್ತಿರ ಏದುಸಿರು ಬಿಟ್ಟು, ಬಾಗಿಲ ಚೌಕಟ್ಟು ಹಿಡಿದು ಒಳಗೆ ಬಂದೆ. "ಇನ್ನೂ ಪೂರಾ ಆಗಿಲ್ಲರಿ ಅಣ್ಣಾ, ಭಾಳ ತ್ರಾಸ ಐತ್ರಿ" ಎಂದೆ. ಶಬನಮ್ ನನ್ನ ಮುಖ ನೋಡಿದಳು. ನಾನು ಕೂಡು ಎಂದೆ. ನೀನು ಸೊಂಟ ಹಿಡಿದು, ಹಲ್ಲು ಕಚ್ಚಿ ಕೂತೆ. ಚಹಾ ಕುಡಿದೆವು. ಮಳೆಯ ಮಾತು, ಹತ್ತಿಯ ಮಾತು ಆಡಿದೆವು. ನೀನು ಕುಂಟುವುದನ್ನು ಬಹಳ ಚೆನ್ನಾಗಿ ಕಲಿತಿದ್ದೀಯ. ಬಸ್ಸಿನಲ್ಲಿ ಅದನ್ನೇ ಯೋಚಿಸುತ್ತ ಬಂದಿರಬೇಕು.

ನನ್ನ ಮೇಲೆ ನಿನಗೆ ಮರುಕ, ಗೊತ್ತು. ಆದರೆ ನಾನು ಕೇಳಿದ್ದು ಒಂದೇ. ಹುಣ್ಣು ಮಾಯಿಸು ಅನ್ನಲಿಲ್ಲ, ಹೋದ ತಿಂಗಳುಗಳನ್ನು ತಿರುಗಿ ಕೊಡು ಅನ್ನಲಿಲ್ಲ. ನನ್ನ ಮುಂದೆ ನಡೆದು ತೋರಿಸು ಎಂದಿದ್ದೆ. ಅದನ್ನು ಗಟಾರದ ಹತ್ತಿರ ನಿನಗೇ ತಿಳಿಯದೆ ಕೊಟ್ಟೆ, ಹೊಸ್ತಿಲಿಗೆ ಬಂದು ಕಸಿದುಕೊಂಡೆ.

ಈಗ ನನ್ನನ್ನು ಬೋರಲು ಮಲಗಿಸಿಡುತ್ತಾರೆ. ಎದೆಯ ಕೆಳಗೆ ದಿಂಬು ಇಟ್ಟುಕೊಂಡು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಅದಕ್ಕೆ. ಜ್ವರ ಬಿಡುವುದಿಲ್ಲ. ಅಬ್ಬಾ ಸ್ಪೀಕರ್ ಹಾಕುವುದನ್ನು ಬಿಟ್ಟಿದ್ದಾರೆ, ಹೊರಗೆ ಹೋಗಿ ಮಾತಾಡುತ್ತಾರೆ. ಶಬನಮ್ ಊದುಬತ್ತಿ ಹಚ್ಚುತ್ತಾಳೆ, ಆದರೂ ಬಂದವರು ಬಾಗಿಲಲ್ಲೇ ನಿಂತು ಹೋಗುತ್ತಾರೆ. ನೀನು ಮಾತ್ರ ಹತ್ತಿರ ಕೂತಿದ್ದೆ. ಅದನ್ನು ಮರೆಯುವುದಿಲ್ಲ.

ನೀನು ಹೊರಟಾಗ, "ಕತ್ತಲಾಕ್ಕತಿ, ನಡಿ ತಮ್ಮಾ" ಎಂದೆ. ಆ ಮಾತನ್ನು ಬೇರೆ ಅರ್ಥದಲ್ಲಿ ಅಂದಿದ್ದೆ, ನಿನಗೆ ತಿಳಿಯಲಿಲ್ಲ. ನೀನು ಹೊರಗೆ ಹೋಗಿ ತಿರುಗಿ ನೋಡಿದೆ. ಕಿಟಕಿಯಲ್ಲಿ ನನ್ನ ಮುಖ ಕಂಡಿತು. ಅಲ್ಲಿಂದ ಗಟಾರದ ತನಕ ಕುಂಟುತ್ತಲೇ ಹೋದೆ. ಗಟಾರ ದಾಟಲು ಯಾರದೋ ಹೆಗಲು ಕೇಳಿದೆ. ದಾಟಿದ ಮೇಲೂ ಕುಂಟಿದೆ. ತಿರುವು ಇನ್ನೂ ದೂರವಿತ್ತು. ನಾನು ಶಬನಮ್‌ಗೆ ಕಿಟಕಿ ಮುಚ್ಚು ಎಂದೆ, ಅಲ್ಲಿಂದಾಚೆಯಾದರೂ ನೀನು ನೆಟ್ಟಗೆ ಹೋಗಲಿ ಎಂದು.

ಇನ್ನು ಪತ್ರ ಬರೆಯಬೇಡ. ಬರೆದರೆ ಕಾಗದದ ಮೇಲೂ ಕುಂಟುತ್ತೀಯ. ಏಪ್ರಿಲ್‌ನಿಂದ ಅದನ್ನೇ ಮಾಡಿದ್ದೀಯ.

ನಡಿ ಬಾಳು.

ಮುಜಫ್ಫರ